ಗುದ್ದಿದ್ದು ಅವರು, ಅಡ್ಡ ಬಂದಿದ್ದು ನಾವು

ನನಗೊಂದು ಕೆಟ್ಟ ಅಭ್ಯಾಸವಿದೆ. ನನಗೆ ಯಾರೇ ತಾಗಲಿ, ನಾನು ಯಾರಿಗೇ ತಾಗಲಿ, ಬಾಯಿಂದ ಮೊದಲು ಹೊರಡುವ ಮಾತು ‘ಸಾರಿ’. ಬಸ್ಸಿನಲ್ಲಿ ನನ್ನ ಕಾಲು ತುಳಿದವರಿಗೆ ನಾನೇ ಸಾರಿ ಹೇಳಿದ್ದೇನೆ. ಅಡುಗೆಮನೆಯ ಬಾಗಿಲಿಗೆ ಭುಜ ತಾಗಿದರೆ ಬಾಗಿಲಿಗೂ ಹೇಳಿದ್ದೇನೆ. ಒಮ್ಮೆ ಶಾಲೆಯಲ್ಲಿ ಕೈ ತಪ್ಪಿ ಬಿದ್ದ ಡಸ್ಟರಿಗೆ ಸಾರಿ ಹೇಳಿದ್ದಕ್ಕೆ ಇಡೀ ಒಂಬತ್ತನೇ ತರಗತಿ ಆ ವಾರವೆಲ್ಲ ಡೆಸ್ಕು, ಬೆಂಚು, ಕಿಟಕಿಗಳ ಕ್ಷಮೆ ಕೇಳುತ್ತಾ ತಿರುಗಿತು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿ ಹೇಳಿ ಅಂಟಿಕೊಂಡ ರೋಗ ಇದು ಎಂದು ನಮ್ಮವರು ಹೇಳುತ್ತಾರೆ. ನಾನು ಮಾತ್ರ ಇದನ್ನು ಸೌಜನ್ಯ ಎಂದೇ ತಿಳಿದುಕೊಂಡಿದ್ದೆ. ಈ ಸೌಜನ್ಯ ಕಾನೂನಿನ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದು ಗೊತ್ತಾಗಬೇಕಾದರೆ ಬನಶಂಕರಿ ಮೂರನೇ ಹಂತದ ಒಂದು ಕೂಡುರಸ್ತೆಯಲ್ಲಿ ನನ್ನ ಕಾರಿನ ಎಡಗಡೆಯ ಹಿಂಬಾಗಿಲು ಹೊಟ್ಟೆಯೊಳಕ್ಕೆ ಹೋಗಬೇಕಾಯಿತು.

ಕಾರು ‘ನನ್ನದು’ ಎಂದೆ. ಅದಕ್ಕೆ ಕಾರಣವಿದೆ. ಇದು ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಮ್ಮ ಮನೆ ಇಟ್ಟಮಡುವಿನ ಹತ್ತಿರ, ನನ್ನ ಶಾಲೆ ಜೆ.ಪಿ. ನಗರದಲ್ಲಿ. ನಡುವೆ ಎರಡು ಬಸ್ಸು ಬದಲಾಯಿಸಬೇಕು. ಬನಶಂಕರಿ ಬಸ್ ನಿಲ್ದಾಣದಲ್ಲಿ ನಿಂತು ನಿಂತು ನನ್ನ ಅರ್ಧ ಆಯುಷ್ಯ ಕಳೆಯಿತು ಎಂದು ಒಂದು ದಿನ ಅನಿಸಿ, ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಶಾಲೆಗೆ ಸೇರಿದೆ. ಲೈಸೆನ್ಸ್ ಸಿಕ್ಕಿದ ಮೇಲೆ ಒಂದು ಹಳೆಯ ಬಿಳಿ ಕಾರು ಕೊಂಡೆ. ನಮ್ಮವರು ಬ್ಯಾಂಕಿನಲ್ಲಿ ಕೆಲಸ ಮಾಡುವವರು. ಅಪಾಯವಿರುವ ಯಾವುದಕ್ಕೂ ಕೈಹಾಕದಿರುವುದು ಅವರ ವೃತ್ತಿಧರ್ಮ. ಡ್ರೈವಿಂಗ್ ಕಲಿಯಿರಿ ಎಂದರೆ, “ಮನೇಲಿ ಒಬ್ರು ಕಲಿತ್ರೆ ಸಾಕು” ಎನ್ನುತ್ತಿದ್ದರು. ಆದರೆ ನನ್ನ ಪಕ್ಕ ಕೂತಾಗ ಮಾತ್ರ ಎರಡೂ ಕೈಯಿಂದ ಸೀಟು ಹಿಡಿದು, ಪ್ರತಿ ತಿರುವಿನಲ್ಲೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅವರ ಪಾಲಿಗೆ ಆ ಕಾರು ಒಂದು ತಾತ್ಕಾಲಿಕ ಹುಚ್ಚು. ನನ್ನ ಪಾಲಿಗೆ ಅದು ದಿನದಲ್ಲಿ ನಾನೊಬ್ಬಳೇ ಇರುವ ಒಂದೇ ಒಂದು ಕೋಣೆ. ಕಿಟಕಿ ಏರಿಸಿಕೊಂಡು ಹಾಡು ಗುನುಗಿಕೊಳ್ಳುತ್ತಾ ಕನಕಪುರ ರಸ್ತೆ ದಾಟುವಾಗ ನನಗೆ ಸಿಗುತ್ತಿದ್ದ ಸುಖವನ್ನು ಬಸ್ಸಿನಲ್ಲಿ ಓಡಾಡಿದ ಹೆಂಗಸರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಆ ಭಾನುವಾರ ಬೆಳಿಗ್ಗೆ ಜಯನಗರದ ಛತ್ರವೊಂದರಲ್ಲಿ ನಮ್ಮವರ ಸಹೋದ್ಯೋಗಿಯ ಮಗಳ ಮದುವೆ. ರೇಷ್ಮೆ ಸೀರೆ ಉಟ್ಟು, ಉಡುಗೊರೆಗೆಂದು ತಂದಿದ್ದ ಗೋಡೆಗಡಿಯಾರವನ್ನು ಹಿಂದಿನ ಸೀಟಿನ ಮೇಲೆ ಮಲಗಿಸಿ ಹೊರಟೆವು. ಮನೆಯಿಂದ ನಾಲ್ಕು ಹೆಜ್ಜೆ ಬಂದಿರಬಹುದು. ನಮ್ಮ ರಸ್ತೆಗೆ ಅಡ್ಡಲಾಗಿ ಇನ್ನೊಂದು ರಸ್ತೆ ಹಾಯುವ ಜಾಗ. ಸಿಗ್ನಲ್ ಇಲ್ಲ, ಪೊಲೀಸ್ ಇಲ್ಲ, ಹಂಪ್ ಕೂಡ ಇಲ್ಲ. ನಾನು ಬಲಕ್ಕೆ ನೋಡಿದೆ, ಎಡಕ್ಕೆ ನೋಡಿದೆ. ದೂರದಲ್ಲಿ ಜೀಪಿನಂಥ ದೊಡ್ಡ ಗಾಡಿಯೊಂದು ಮೆಲ್ಲಗೆ ಬರುತ್ತಿತ್ತು. ಸಾಕಷ್ಟು ಸಮಯವಿದೆ ಎಂದುಕೊಂಡು ಸೆಕೆಂಡ್ ಗೇರಿನಲ್ಲಿ ಮುಂದೆ ಹೋದೆ. ಅರ್ಧ ದಾಟುವಷ್ಟರಲ್ಲಿ ಆ ಗಾಡಿಗೆ ಏನು ಆವೇಶ ಬಂತೋ, ಒಮ್ಮೆಲೇ ಗರ್ಜಿಸಿ ನುಗ್ಗಿತು. ಧಡ್ ಎಂದು ಸದ್ದಾಯಿತು. ಕಾರು ಅರ್ಧ ಸುತ್ತು ತಿರುಗಿ ನಿಂತಿತು. ಹಿಂದಿನ ಸೀಟಿನ ಗಡಿಯಾರ ಕೆಳಗೆ ಬಿದ್ದು ಮಧುರವಾದ ಸಂಗೀತ ನುಡಿಸತೊಡಗಿತು. ಸರಿಯಾಗಿದೆಯೋ ಇಲ್ಲವೋ ನೋಡೋಣವೆಂದು ನಮ್ಮವರು ಹಿಂದಿನ ದಿನವೇ ಅದಕ್ಕೆ ಬ್ಯಾಟರಿ ಹಾಕಿದ್ದರು.

“ರೀ, ಏಟಾಯ್ತಾ?” ಎಂದೆ. ಅವರು ಕಣ್ಣು ಬಿಡದೆಯೇ, “ಗೊತ್ತಿಲ್ಲ. ನೀನೇ ನೋಡಿ ಹೇಳು” ಎಂದರು. ಏನೂ ಆಗಿರಲಿಲ್ಲ. ಕತ್ತು ತಿರುಗಿಸಿ ಗುದ್ದಿದ ಗಾಡಿಯನ್ನು ನೋಡಿದೆ. ಸ್ಟೀರಿಂಗ್ ಹಿಡಿದು ಕೂತಿದ್ದವರು ಒಬ್ಬ ಹೆಂಗಸು. ಹಸಿರು ಸೀರೆ, ತಲೆ ತುಂಬ ಕನಕಾಂಬರ. ಅವರೂ ಎರಡು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು. ಪಕ್ಕದಲ್ಲಿ ಬಿಳಿ ಪಂಚೆಯ ಒಬ್ಬ ದೊಡ್ಡ ಮನುಷ್ಯರು ಕೈಯಾಡಿಸಿ ಏನೋ ಕಿರುಚುತ್ತಿದ್ದರು. ನಾನು ಇಳಿಯಲು ಹೋದರೆ ಸೀರೆಯ ಸೆರಗು ಹ್ಯಾಂಡ್‌ಬ್ರೇಕಿಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸಿಕೊಂಡು ಕೆಳಗಿಳಿದು ನೋಡಿದರೆ ಹಸಿರು ಸೀರೆ ಎಡಗಡೆಯ ಸೀಟಿನಲ್ಲಿದೆ, ಬಿಳಿ ಪಂಚೆ ಬಲಗಡೆಯ ಬಾಗಿಲಿನಿಂದ ಇಳಿಯುತ್ತಿದೆ. ಅಷ್ಟು ಇಕ್ಕಟ್ಟಿನಲ್ಲಿ ಅಷ್ಟು ಭಾರಿ ದೇಹದ ಇಬ್ಬರು ಅಷ್ಟು ಬೇಗ ಹೇಗೆ ಜಾಗ ಬದಲಾಯಿಸಿಕೊಂಡರೋ ದೇವರೇ ಬಲ್ಲ. ನಾನು ಬೆರಗಿನಿಂದ ನೋಡುತ್ತಾ ನಿಂತೆ. ಬೆರಗಿನ ನಡುವೆ ನನ್ನ ಬಾಯಿ ತನ್ನ ಪಾಡಿಗೆ ತಾನು ಕೆಲಸ ಮಾಡಿಬಿಟ್ಟಿತು. “ಸಾರಿ, ಸಾರಿ!”

“ನೋಡಿ, ಕೇಳಿಸ್ಕೊಂಡ್ರಾ ಎಲ್ರೂ? ಅವ್ರೇ ಸಾರಿ ಅಂದ್ರು!” ಎಂದು ಬಿಳಿ ಪಂಚೆಯವರು ಎರಡೂ ಕೈ ಮೇಲೆತ್ತಿ ಸಾರಿದರು. ‘ಎಲ್ಲರೂ’ ಎಂದರೆ ಯಾರು ಎಂದು ಸುತ್ತ ನೋಡಿದೆ. ಅರೆ ಕ್ಷಣದ ಹಿಂದೆ ನಾಯಿಯೂ ಇಲ್ಲದಿದ್ದ ಆ ಕೂಡುರಸ್ತೆಯಲ್ಲಿ ಒಂದು ಸಣ್ಣ ಜಾತ್ರೆ ನೆರೆದಿತ್ತು. ಹಾಲು ತರಲು ಬಂದವರು, ವಾಕಿಂಗ್ ಮುಗಿಸಿದವರು, ಆಟೋ ನಿಲ್ಲಿಸಿ ಇಳಿದವರು, ಇಡ್ಲಿ ತಿನ್ನುತ್ತಿದ್ದ ತಟ್ಟೆಯ ಸಮೇತ ಬಂದವರು. ಎಲ್ಲರೂ ಒಮ್ಮೆ ನನ್ನನ್ನೂ ನನ್ನ ಕೈಯಲ್ಲಿದ್ದ ಕಾರಿನ ಕೀಲಿಯನ್ನೂ ನೋಡಿದರು. ಅಲ್ಲಿಗೆ ವಿಚಾರಣೆ ಮುಗಿಯಿತು. “ಲೇಡೀಸ್ ಡ್ರೈವಿಂಗು, ಗುರು” ಎಂದು ಇಡ್ಲಿಯವನು ತೀರ್ಪು ಕೊಟ್ಟ. ಆಮೇಲೆ ಯಾರೂ ನನ್ನ ಜೊತೆ ಮಾತಾಡಲೇ ಇಲ್ಲ. ಎಲ್ಲ ನಮ್ಮವರ ಜೊತೆ. “ಸಾರ್, ನೀವ್ಯಾಕ್ ಸಾರ್ ಅವ್ರ ಕೈಗೆ ಕೊಟ್ರಿ?” “ಸಾರ್, ನಿಮ್ ಲೈಸೆನ್ಸ್ ತೋರ್ಸಿ ಸಾರ್.” “ನಂಗೆ ಲೈಸೆನ್ಸ್ ಇಲ್ಲಪ್ಪ” ಎಂದು ನಮ್ಮವರು ಪ್ರಾಮಾಣಿಕವಾಗಿ ಹೇಳಿದ್ದರಿಂದ ಪರಿಸ್ಥಿತಿ ಇನ್ನಷ್ಟು ಕೆಟ್ಟಿತು.

ಬಿಳಿ ಪಂಚೆಯವರ ಹೆಸರು ಮುನಿರಾಜಪ್ಪ. ಇಟ್ಟಮಡುವಿನ ಹಳೆಯ ಊರಿನವರು. ಬಡಾವಣೆ ಬರುವ ಮೊದಲು ಇಲ್ಲೆಲ್ಲ ಅವರ ಜಮೀನಿತ್ತಂತೆ. ಈಗ ಸಾಲು ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ. “ಏನಮ್ಮ, ನಮಗೇ ಅಡ್ಡ ಬತ್ತೀರಾ? ನೀವು ನಿಂತಿರೋ ಜಾಗ ನಮ್ಮಪ್ಪನ ರಾಗಿ ಹೊಲ. ಇದೇ ಜಾಗದಾಗೆ ಕಣ ಇತ್ತು” ಎಂದರು. ನಾನು ಧೈರ್ಯ ತಂದುಕೊಂಡು, “ಹೊಲ ನಿಮ್ಮದೇ ಇರಬಹುದು, ಆದ್ರೆ ಗುದ್ದಿದ್ದು ನೀವು. ನಮ್ಮ ಬಾಗಿಲು ನೋಡಿ, ನಿಮ್ಮ ಬಂಪರ್ ನೋಡಿ” ಎಂದೆ. ಆಟೋದವನು ಬಾಗಿಲನ್ನೂ ಬಂಪರನ್ನೂ ತಜ್ಞನಂತೆ ಮುಟ್ಟಿ ಪರೀಕ್ಷಿಸಿದ. “ಗುದ್ದಿದ್ದು ಅವ್ರೇ ಮೇಡಂ. ಇಲ್ಲ ಅನ್ನಲ್ಲ. ಆದ್ರೆ ಅಡ್ಡ ಬಂದಿದ್ದು ನೀವು” ಎಂದ. ಕೂಡುರಸ್ತೆ ಎಂದಮೇಲೆ ಇಬ್ಬರೂ ಇಬ್ಬರಿಗೂ ಅಡ್ಡವೇ ಅಲ್ಲವೇ?

ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ಮಂಕಿ ಟೋಪಿಯ ಒಬ್ಬರು ಮುಂದೆ ಬಂದರು. ನಮ್ಮ ಹಿಂದಿನ ಬೀದಿಯ ವಾಸುದೇವರಾಯರು. ಯಾವುದೋ ಕಾರ್ಖಾನೆಯ ಕಾನೂನು ವಿಭಾಗದಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಜೀವನವಿಡೀ ಟೈಪ್ ಮಾಡಿದ ಕಾನೂನೆಲ್ಲ ಅವರ ಬೆರಳ ತುದಿಯಲ್ಲಿತ್ತು. ತಲೆಯವರೆಗೆ ಎಷ್ಟು ಹೋಗಿತ್ತೋ ಹೇಳುವುದು ಕಷ್ಟ. “ಯಾರೂ ಗಾಡಿ ಅಲ್ಲಾಡಿಸ್ಬೇಡಿ! ಮೊದಲು ಫೋಟೋ ಆಗ್ಬೇಕು” ಎಂದು ಅಪ್ಪಣೆ ಕೊಟ್ಟು, ಮನೆಗೆ ಹೇಳಿಕಳುಹಿಸಿ ರೀಲ್ ಕ್ಯಾಮೆರಾ ತರಿಸಿದರು. ಇಟ್ಟಿಗೆ ಚೂರಿನಿಂದ ನಾಲ್ಕೂ ಚಕ್ರಗಳ ಸುತ್ತ ಗೆರೆ ಎಳೆದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, “ಸಾರಿ ಅಂದ್ರಂತೆ? ದೊಡ್ಡ ತಪ್ಪು. ಅಪಘಾತದ ಜಾಗದಲ್ಲಿ ಹೆಸರು ಹೇಳ್ಬೋದು, ವಿಳಾಸ ಹೇಳ್ಬೋದು, ನೀರು ಕೇಳ್ಬೋದು. ಸಾರಿ ಮಾತ್ರ ಬಾಯ್ತಪ್ಪಿಯೂ ಅನ್ನಬಾರದು” ಎಂದರು. ನಾನು “ಸಾರಿ ಸಾರ್, ಗೊತ್ತಿರಲಿಲ್ಲ” ಎಂದೆ.

ಸಿಗ್ನಲ್ ಇಲ್ಲದ ಕೂಡುರಸ್ತೆಯಲ್ಲಿ ನಮ್ಮ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು ಎಂಬುದು ನಿಯಮ. ನಾನು ಮುನಿರಾಜಪ್ಪನವರ ಬಲಗಡೆಯಿಂದ ಬಂದವಳು, ಹಾಗಾಗಿ ಅವರೇ ನಿಲ್ಲಬೇಕಾಗಿತ್ತು ಎಂದು ರಾಯರು ಘೋಷಿಸಿದರು. ನನಗೆ ಹೋದ ಜೀವ ಬಂದಂತಾಯಿತು. ಆದರೆ ರಾಯರಿಗೆ ಅಲ್ಲಿಗೆ ನಿಲ್ಲಿಸುವ ಅಭ್ಯಾಸವಿರಲಿಲ್ಲ. “ಆದ್ರೆ ಅದಕ್ಕೊಂದು ಅಪವಾದ ಇದೆ. ಮೇನ್ ರೋಡಲ್ಲಿ ಬರೋರಿಗೆ ಸಣ್ಣ ರೋಡಿನೋರು ದಾರಿ ಬಿಡ್ಬೇಕು” ಎಂದರು. ತಕ್ಷಣ ಗುಂಪು ಎರಡಾಯಿತು. ನಮ್ಮ ರಸ್ತೆ ಎದುರುಬದುರು ಎರಡು ಸ್ಕೂಟರ್ ಬಂದರೆ ಒಂದು ಚರಂಡಿಗಿಳಿಯಬೇಕಾದಷ್ಟು ಇಕ್ಕಟ್ಟು. ಆದರೆ ಅದರ ಹೆಸರು ‘ಮೇನ್’. ಅವರು ಬಂದ ರಸ್ತೆಯಲ್ಲಿ ಬಸ್ಸು ಓಡಾಡುತ್ತದೆ. ಅದರ ಹೆಸರು ‘ಕ್ರಾಸ್’. ಬೆಂಗಳೂರಿನಲ್ಲಿ ಬಡಾವಣೆ ಮಾಡಿದವರು ಯಾವ ಲೆಕ್ಕದಲ್ಲಿ ಹೀಗೆ ಹೆಸರಿಟ್ಟರೋ, ನಮ್ಮ ಮನೆಗೆ ಬರುವ ನೆಂಟರೆಲ್ಲ ಈ ಪ್ರಶ್ನೆ ಕೇಳಿಕೊಂಡೇ ಬರುತ್ತಾರೆ. “ಮೇನ್ ಅಂದ್ರೆ ಮೇನೇ, ಮೇಡಂ ಕಡೆ ನ್ಯಾಯ ಇದೆ” ಎಂದಿತು ಒಂದು ಪಕ್ಷ. “ಬಸ್ ಹೋಗೋದೇ ಮೇನು” ಎಂದಿತು ಇನ್ನೊಂದು. ಬೋರ್ಡು ನೋಡೋಣವೆಂದು ಎಲ್ಲರೂ ಮೂಲೆಗೆ ಹೋದರು. ಹಳದಿ ಬೋರ್ಡಿನ ಮೇಲೆ ಮೂಲವ್ಯಾಧಿ ಚಿಕಿತ್ಸೆಯ ಜಾಹೀರಾತು ಅಂಟಿಸಿದ್ದರು. ಸುತ್ತ ಉಳಿದು ಕಾಣುತ್ತಿದ್ದದ್ದು ‘ನೇ’ ಎಂಬ ಒಂದೇ ಅಕ್ಷರ.

ಹೀಗಾಗಿ ಪ್ರಕರಣ ಟ್ರಾಫಿಕ್ ಠಾಣೆಗೆ ಹೋಯಿತು. ಎರಡು ಗಾಡಿಗಳನ್ನೂ ಠಾಣೆಯ ಮುಂದೆ ನಿಲ್ಲಿಸಿ, ಸಾಹೇಬರು ರೌಂಡ್ಸಿನಿಂದ ಬರುವವರೆಗೆ ನಾವೆಲ್ಲ ಒಂದೇ ಉದ್ದನೆಯ ಬೆಂಚಿನ ಮೇಲೆ ಕೂತೆವು. ಮೊದಲು ಮುನಿರಾಜಪ್ಪ, ಆಮೇಲೆ ಹಸಿರು ಸೀರೆಯ ಅವರ ಹೆಂಡತಿ, ಆಮೇಲೆ ನಾನು, ನಮ್ಮವರು, ಕೊನೆಯಲ್ಲಿ ರಾಯರು. ರಾಯರು ವಿಮೆಯ ಬಗ್ಗೆ ಪಾಠ ಶುರುಮಾಡಿದರು. “ಥರ್ಡ್ ಪಾರ್ಟಿ ಕ್ಲೇಮ್ ಆಗುತ್ತೆ ಇದು” ಎಂದರು. ನಮ್ಮವರು ಬ್ಯಾಂಕಿನವರಾದರೂ ಗಾಬರಿಯಲ್ಲಿ ಲೆಕ್ಕ ತಪ್ಪಿ, “ನಾವೊಬ್ರು, ಅವ್ರೊಬ್ರು. ಇಬ್ಬರೇ ತಾನೆ? ಮೂರನೆಯವ್ನು ಯಾರು?” ಎಂದರು. “ಹಾಗಲ್ಲ. ಗಾಡಿಯವನು ಒಂದು, ವಿಮೆ ಕಂಪನಿ ಎರಡು, ಗುದ್ದಿಸ್ಕೊಂಡೋನು ಮೂರು.” “ಗುದ್ದಿಸ್ಕೊಂಡಿದ್ದು ನಾವಲ್ವಾ?” “ಹೌದು. ಅವ್ರ ಲೆಕ್ಕದಲ್ಲಿ ನೀವೇ ಥರ್ಡ್ ಪಾರ್ಟಿ.” ನಮ್ಮವರು ನನ್ನ ಕಿವಿಯ ಹತ್ತಿರ ಬಗ್ಗಿ, “ನಮ್ಮ ಕಾರಿಂದ ನಾವೇ ಮೂರನೆಯವ್ರಾದ್ವಿ. ಸಾಕು ಸುಮಾ, ಇದನ್ನ ಮಾರಿಬಿಡೋಣ. ನೀನು ಹಾಯಾಗಿ ಬಸ್ಸಲ್ಲಿ ಹೋಗು” ಎಂದರು.

ಬಾಗಿಲು ಹೋಗಿದ್ದಕ್ಕೆ ಅಷ್ಟು ದುಃಖವಾಗಿರಲಿಲ್ಲ. ತಪ್ಪು ನನ್ನದೆಂದು ಸಾಹೇಬರು ಬರೆದುಬಿಟ್ಟರೆ ನಮ್ಮವರ ಮಾತಿಗೆ ಎದುರು ಮಾತಿರುವುದಿಲ್ಲ. ಮತ್ತೆ ಬನಶಂಕರಿ ಬಸ್ ನಿಲ್ದಾಣ, ಮತ್ತೆ ಎರಡು ಬಸ್ಸು, ಮತ್ತೆ ನನ್ನ ಕಾಲು ತುಳಿದವರಿಗೆ ನನ್ನದೇ ಸಾರಿ. ಉಳಿಯುವ ದಾರಿ ಒಂದಿತ್ತು. ನಾನು ಕಣ್ಣಾರೆ ಕಂಡಿದ್ದನ್ನು ಹೇಳಿಬಿಡುವುದು. ಪಕ್ಕಕ್ಕೆ ನೋಡಿದೆ. ಹಸಿರು ಸೀರೆಯವರು ತಲೆ ತಗ್ಗಿಸಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಿದ್ದರು.

ಸಾಹೇಬರು ಬಂದರು. ವಯಸ್ಸಾದ ಎಎಸ್‌ಐ. ಭಾನುವಾರವೂ ಮನೆಗೆ ಹೋಗಲಾಗದ ಮನುಷ್ಯನ ಮುಖ. ಟೀ ತರಿಸಿಕೊಂಡು, “ಯಾರಿಗಾದ್ರೂ ಏಟಾಗಿದ್ಯಾ?” ಎಂದು ಕೇಳಿದರು. ಆ ಬೆಳಿಗ್ಗೆಯಿಂದ ಈ ಪ್ರಶ್ನೆಯನ್ನು ಮೊದಲು ಕೇಳಿದ ಹೊರಗಿನವರು ಅವರೇ. ಇಲ್ಲ ಎಂದೆವು. “ಸರಿ. ಆ ಗಾಡಿ ಓಡಿಸ್ತಿದ್ದಿದ್ದು ಯಾರು?”

“ನಾನೇ ಸಾರ್” ಎಂದು ಮುನಿರಾಜಪ್ಪ ಎದೆ ಮುಟ್ಟಿಕೊಂಡರು. “ನಾನು ನನ್ ಪಾಡಿಗೆ ಬತ್ತಾ ಇದ್ದೆ. ಈಯಮ್ಮ ಅಡ್ಡ ನುಗ್ಗುಬುಟ್ರು. ತಪ್ಪಾಯ್ತು ಅಂತ ಅವ್ರೇ ಸಾರಿ ಅಂದವ್ರೆ. ಊರೋರೆಲ್ಲ ಕೇಳವ್ರೆ.”

“ಹೌದಾ ಮೇಡಂ, ಸಾರಿ ಅಂದ್ರಾ?”

“ಅಂದೆ ಸಾರ್. ಆದ್ರೆ ಇಂಗ್ಲಿಷಲ್ಲಿ ಸಾರಿ ಅಂದ್ರೆ ತಪ್ಪು ಒಪ್ಕೊಂಡ ಹಾಗಲ್ಲ. ಅಯ್ಯೋ ಪಾಪ, ಹೀಗಾಗ್ಬಾರ್ದಿತ್ತು ಅನ್ನೋದಕ್ಕೂ ಸಾರಿ ಅಂತಾರೆ. ಯಾರಾದ್ರೂ ಹೋಗಿಬಿಟ್ರು ಅಂದಾಗ ನಾವು ಸಾರಿ ಅನ್ನಲ್ವಾ? ಅವರನ್ನ ಕೊಂದವರು ನಾವು ಅಂತಲ್ಲವಲ್ಲ?” ಎಂದು ನಾನು ಪಾಠದ ದನಿಯಲ್ಲಿ ವಿವರಿಸಿದೆ. ಸಾಹೇಬರು ಟೀ ಗುಟುಕರಿಸುತ್ತಾ, “ನೀವು ಇಂಗ್ಲಿಷ್ ಟೀಚರಾ?” ಎಂದರು. ಹೌದೆಂದೆ. “ಗೊತ್ತಾಯ್ತು” ಎಂದರು. ಆ ‘ಗೊತ್ತಾಯ್ತು’ ನನಗೆ ಅಷ್ಟು ಹಿತವೆನಿಸಲಿಲ್ಲ. ಅದೇ ಹೊತ್ತಿಗೆ ನಮ್ಮವರ ತೊಡೆಯ ಮೇಲಿದ್ದ ಉಡುಗೊರೆಯ ಪೊಟ್ಟಣ ಗಂಟೆಯಾಯಿತೆಂದು ಮಧುರವಾಗಿ ನುಡಿಯಿತು. “ಯಾರ್ರೀ ಅದು, ಠಾಣೇಲಿ ಮ್ಯೂಸಿಕ್ ಹಾಕ್ಕೊಂಡಿರೋದು?” ಎಂದು ಒಳಗಿನಿಂದ ಯಾರೋ ಗದರಿದರು. ನಮ್ಮವರು ಪೊಟ್ಟಣವನ್ನು ಅಪ್ಪಿ ಹಿಡಿದು ಅದರ ಬಾಯಿ ಮುಚ್ಚಲು ನೋಡಿದರು. ಪೂರ್ತಿ ಹಾಡು ಮುಗಿಯುವವರೆಗೆ ನಾವೆಲ್ಲ ಗಂಭೀರವಾಗಿ ಕೂತಿದ್ದೆವು.

“ಮೇಡಂ, ಗುದ್ದಿದಾಗ ಆ ಗಾಡೀಲಿ ಯಾರು ಎಲ್ಲಿ ಕೂತಿದ್ರು, ನೋಡಿದ್ರಾ?” ಎಂದು ಸಾಹೇಬರು ಕೇಳಿದರು. ಮುನಿರಾಜಪ್ಪನವರ ಜಾಗ ಬದಲಾವಣೆಯ ವಾಸನೆ ಅವರಿಗೆ ಸ್ವಲ್ಪ ಬಡಿದಿತ್ತೋ ಏನೋ. ಎಲ್ಲರೂ ನನ್ನನ್ನೇ ನೋಡಿದರು. ನಾನು ಬಾಯಿ ತೆರೆದರೆ ಗೆದ್ದೆ. ಆದರೆ ಗೆಲ್ಲುವ ವಾಕ್ಯ ಯಾವುದು? ‘ಸಾರ್, ಗಾಡಿ ಓಡಿಸುತ್ತಿದ್ದದ್ದು ಒಬ್ಬ ಹೆಂಗಸು.’ ಇಡ್ಲಿ ತಟ್ಟೆಯವನು ಇದನ್ನು ಕೇಳಿದರೆ ಚಪ್ಪಾಳೆ ತಟ್ಟುತ್ತಿದ್ದ. ನಾನು ಹೇಳಿದ್ದು ಅದೇ ಅಲ್ವಾ ಮೇಡಂ ಎನ್ನುತ್ತಿದ್ದ. ನನ್ನ ಕಾರು ಉಳಿಯುತ್ತಿತ್ತು, ಅವನ ತೀರ್ಪೂ ಉಳಿಯುತ್ತಿತ್ತು. ವ್ಯಾಕರಣ ಬದಲಾಯಿಸಿ ಬೇರೆ ಯಾವ ರೀತಿಯಲ್ಲಾದರೂ ಇದನ್ನು ಹೇಳಬಹುದೇ ಎಂದು ನಾನು ಒದ್ದಾಡುತ್ತಿದ್ದೆ. ಆಗ ಮುನಿರಾಜಪ್ಪ ತಾವಾಗಿಯೇ ಒಂದು ಮಾತು ಸೇರಿಸಿದರು. ಆ ಮಾತೊಂದನ್ನು ಆಡದೆ ಇದ್ದಿದ್ದರೆ ಅವರು ಬಚಾವಾಗುತ್ತಿದ್ದರು. “ಹೆಂಗಸ್ರ ಕೈಗೆ ಗಾಡಿ ಕೊಡ್ಬಾರ್ದು ಸಾರ್. ಅವ್ರಿಗೆ ಅದೆಲ್ಲ ಬರಲ್ಲ.”

“ಸುಮ್ಕಿರ್ರೀ ಸಾಕು!”

ಹಸಿರು ಸೀರೆಯವರು ಎದ್ದು ನಿಂತಿದ್ದರು. ಅವರ ದನಿ ಕೇಳಿದ್ದು ನಾವು ಅದೇ ಮೊದಲು. “ಬೆಳಗ್ಗೆಯಿಂದ ನೋಡ್ತಾ ಇವ್ನಿ, ಹೆಂಗಸ್ರು ಹೆಂಗಸ್ರು ಅಂತೀರಲ್ಲ? ಗಾಡಿ ಓಡಿಸ್ತಿದ್ದಿದ್ದು ನಾನು ಸಾರ್. ಜಯಮ್ಮ ಅಂತ ನನ್ ಹೆಸ್ರು. ಬರ್ಕೊಳ್ಳಿ” ಎಂದರು. ಆಮೇಲೆ ಗಂಡನ ಕಡೆ ತಿರುಗಿದರು. “ಸೊಪ್ಪು ತರಕಾರಿ ಹೇರ್ಕೊಂಡು ಎತ್ತಿನ ಗಾಡಿ ಹೊಡ್ಕೊಂಡು ಮಾರ್ಕೆಟ್ಟಿಗೆ ಹೋಗ್ತಿದ್ದೋಳು ಯಾರು? ನೀವು ಹಿಂದ್ಗಡೆ ಮೂಟೆ ಮೇಲೆ ಗೊರಕೆ ಹೊಡೀತಿದ್ರಿ. ಅವತ್ತು ನಂಗೆ ಗಾಡಿ ಬತ್ತಿತ್ತು, ಇವತ್ತು ಬರಲ್ವಾ?”

ಸಾಹೇಬರು ಟೀ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. “ಅಮ್ಮಾ, ಲೈಸೆನ್ಸ್ ಇದ್ಯಾ?”

“ಎತ್ತಿನ ಗಾಡಿಗೆ ಯಾವ ಲೈಸೆನ್ಸು ಸಾರ್?”

“ಈ ಗಾಡೀದು ಕೇಳ್ದೆ.”

“ಇಲ್ಲ ಸಾರ್. ಈಗ ಕಲೀತಾ ಇವ್ನಿ. ಇವ್ರು ಬಂದಿದ್ದು ನಾನು ನೋಡ್ದೆ. ನಿಲ್ಸೋಣ ಅಂತಾನೇ ಇದ್ದೆ. ಈ ಪುಣ್ಯಾತ್ಮ ಪಕ್ಕದಾಗೆ ಕೂತ್ಕೊಂಡು ಬ್ರೇಕ್ ಒತ್ತೇ, ಬ್ರೇಕ್ ಒತ್ತೇ ಅಂತ ಕಿರುಚ್ಕೊಂಡು ಕಿರುಚ್ಕೊಂಡು, ಯಾವ್ದು ಬ್ರೇಕು ಅನ್ನೋದೇ ಮರ್ತೋಯ್ತು. ಎತ್ತಾಗಿದ್ರೆ ಎದುರಿಗೆ ಇನ್ನೊಂದ್ ಗಾಡಿ ಕಂಡ್ರೆ ತಾವೇ ನಿಂತ್ಕೊಳ್ತಿದ್ವು ಸಾರ್. ಇದಕ್ಕೆ ಅಷ್ಟೂ ಬುದ್ಧಿ ಇಲ್ಲ.”

ಮುನಿರಾಜಪ್ಪನವರು ತಲೆಯ ಮೇಲೆ ಕೈಹೊತ್ತು ಬೆಂಚಿನ ಮೇಲೆ ಕುಸಿದರು. ರಾಯರು ಉತ್ಸಾಹದಿಂದ ಎದ್ದು ನಿಂತು, “ಲೈಸೆನ್ಸ್ ಇಲ್ಲ ಅಂದ್ಮೇಲೆ ಮುಗೀತು. ಪೂರ್ತಿ ತಪ್ಪು ಅವರದೇ” ಎಂದರು. ಸಾಹೇಬರು ಕೈಸನ್ನೆ ಮಾಡಿ ಅವರನ್ನು ಕೂರಿಸಿದರು. “ಹಾಗಾಗಲ್ಲ ರಾಯರೆ. ಲೈಸೆನ್ಸ್ ಇಲ್ದೆ ಓಡ್ಸಿದ್ದು ಒಂದು ತಪ್ಪು, ಓಡ್ಸೋಕೆ ಕೊಟ್ಟಿದ್ದು ಇನ್ನೊಂದು ತಪ್ಪು. ಗುದ್ದಿದ್ದು ಯಾರ ತಪ್ಪು ಅನ್ನೋದನ್ನ ಬೇರೆಯಾಗೇ ನೋಡ್ಬೇಕು. ಲೈಸೆನ್ಸ್ ಇಲ್ದೋರು ಸುಮ್ನೆ ನಿಂತಿದ್ದಾಗ ಲೈಸೆನ್ಸ್ ಇರೋರು ಬಂದು ಗುದ್ಬೋದು. ಆಗೇನ್ ಮಾಡ್ತೀರಿ?” ಎಂದರು. ನನಗೆ ಆ ಮನುಷ್ಯನ ಮೇಲೆ ಅಪಾರ ಗೌರವ ಹುಟ್ಟಿತು. ಮೇನು, ಕ್ರಾಸು ಎಂಬ ವಾದವನ್ನು ಅವರು ಕೇಳಿಸಿಕೊಳ್ಳಲೇ ಇಲ್ಲ. “ಈ ಊರಲ್ಲಿ ಯಾವುದು ಮೇನು ಅಂತ ಯಾರಿಗ್ ಗೊತ್ತು? ಬಲಗಡೆಯಿಂದ ಬಂದೋರು ಈ ಮೇಡಮ್ಮು. ಅವ್ರು ಅರ್ಧ ದಾಟಿಯೂ ಆಗಿತ್ತು. ನಿಲ್ಲಿಸ್ಬೇಕಾಗಿದ್ದು ನೀವು” ಎಂದು ಜಯಮ್ಮನವರಿಗೆ ಹೇಳಿ, ನನ್ನ ಕಡೆ ತಿರುಗಿ, “ನೀವೂ ಅಷ್ಟೇ ಮೇಡಂ. ಹಾರನ್ ಹೊಡೆದ್ರಾ? ಗಾಡಿ ಬರ್ತಿರೋದು ನೋಡಿ, ಸಮಯ ಇದೆ ಅಂದ್ಕೊಂಡು ನುಗ್ಗಿದ್ರಿ. ಎದುರಿಗಿರೋರು ನಾವಂದ್ಕೊಂಡ ಹಾಗೇ ಓಡಿಸ್ತಾರೆ ಅಂತ ನಂಬೋದೂ ಒಂದು ತಪ್ಪೇ” ಎಂದರು.

ಸಾಹೇಬರು ಗಂಡ ಹೆಂಡತಿ ಇಬ್ಬರಿಗೂ ದಂಡ ಹಾಕಿದರು. ಲೈಸೆನ್ಸ್ ಇಲ್ಲದವರು ಓಡಿಸಿದ್ದರಿಂದ ಮುನಿರಾಜಪ್ಪನವರಿಗೆ ವಿಮೆಯ ಬಾಗಿಲು ಬಡಿಯುವ ಧೈರ್ಯವಿರಲಿಲ್ಲ. ನಮ್ಮ ಬಾಗಿಲನ್ನು ತಾವೇ ರಿಪೇರಿ ಮಾಡಿಸಿಕೊಡುವುದಾಗಿ ಒಪ್ಪಿದರು. ಯಾರಿಗೂ ಏಟಾಗಿಲ್ಲ, ಬೇರೆ ದೂರಿಲ್ಲ ಎಂದು ಎಲ್ಲರೂ ರುಜು ಹಾಕಿದೆವು. ಸಾಕ್ಷಿ ಎಂದು ರಾಯರೂ ದೊಡ್ಡದಾಗಿ ರುಜು ಹಾಕಿದರು, ಅವರು ಅಪಘಾತವನ್ನು ನೋಡಿರಲೇ ಇಲ್ಲವಾದರೂ. ಹೊರಡುವಾಗ ಸಾಹೇಬರು, “ಮೇಡಂ, ಒಂದು ಮಾತು. ನೀವು ನಿಜವಾಗ್ಲೂ ನೋಡಿರಲಿಲ್ವಾ?” ಎಂದರು. “ಕನಕಾಂಬರ ನೋಡಿದ್ದೆ ಸಾರ್” ಎಂದೆ. ಅವರು ಮೀಸೆಯಲ್ಲೇ ನಕ್ಕರು. ಛತ್ರ ತಲುಪುವ ಹೊತ್ತಿಗೆ ಕೊನೆಯ ಪಂಕ್ತಿಯೂ ಎದ್ದು, ಅಡುಗೆಯವರು ಪಾತ್ರೆ ತೊಳೆಯುತ್ತಿದ್ದರು.

ಕೆಲವು ದಿನಗಳಾದ ಮೇಲೆ ಒಂದು ಸಂಜೆ ಜಯಮ್ಮ ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಚೀಲ ಅವರೆಕಾಯಿ. ಮೊದಲು ನಮ್ಮ ಕಾರಿನ ಹೊಸ ಬಾಗಿಲನ್ನು ಸವರಿ ನೋಡಿ, ಬಣ್ಣ ಸರಿಯಾಗಿ ಕೂಡಿಲ್ಲ ಎಂದು ತಮ್ಮ ಗಂಡನ ಮೆಕ್ಯಾನಿಕನ್ನು ಬೈದರು. ಆಮೇಲೆ ಕಾಫಿ ಕುಡಿಯುತ್ತಾ ವಿಷಯಕ್ಕೆ ಬಂದರು. “ಟೀಚರಮ್ಮ, ನಂಗೆ ನೀವೇ ಡ್ರೈವಿಂಗ್ ಕಲಿಸ್ಬೇಕು. ನಮ್ ಯಜಮಾನ್ರ ಹತ್ರ ಕಲಿತ್ರೆ ಇನ್ನೂ ಎಷ್ಟು ಜನದ ಬಾಗ್ಲು ಹೋಗ್ತವೋ. ಅವ್ರು ಮಾತೆತ್ತಿದ್ರೆ ಬೈತಾರೆ.” ನನಗೆ ಹೆಮ್ಮೆಯಾಯಿತು. ಈ ಸಲ ಎಲ್ಲ ಕ್ರಮವಾಗಿ ಆಯಿತು. ಅವರು ಕಲಿಯುವವರ ಲೈಸೆನ್ಸ್, ಅಂದರೆ ಎಲ್‌ಎಲ್‌ಆರ್ ಮಾಡಿಸಿದರು. ಅವರ ಗಾಡಿಗೆ ಹಿಂದೆ ಮುಂದೆ ಕೆಂಪು ಬಣ್ಣದ ‘ಎಲ್’ ಹಾಕಿಸಿದೆವು. ಪ್ರತಿ ಭಾನುವಾರ ಹೊಸಕೆರೆಹಳ್ಳಿ ಕಡೆಯ ಒಂದು ಖಾಲಿ ಮೈದಾನದಲ್ಲಿ ಸುತ್ತು ಹೊಡೆದೆವು. ಜಯಮ್ಮನವರ ಕೈ ಬಲು ಹದ. ಯಾರೂ ಕಿರುಚದೆ ಇದ್ದರೆ ಬ್ರೇಕು ಅವರಿಗೆ ತಾನಾಗಿಯೇ ನೆನಪಾಗುತ್ತಿತ್ತು. ಗೇರ್ ಬದಲಾಯಿಸುವಾಗ ಮೊದಮೊದಲು “ಹ್ಹಾ, ಹ್ಹಾ” ಎಂದು ಎತ್ತಿಗೆ ಹೇಳುವಂತೆ ಹೇಳಿಕೊಳ್ಳುತ್ತಿದ್ದರು. ಅದನ್ನು ನಾನು ತಿದ್ದಲಿಲ್ಲ. ಲೈಸೆನ್ಸ್ ಮೊದಲ ಸಲಕ್ಕೇ ಬಂತು. “ನೀವು ಒಂದ್ ಸಲಾನೂ ಬೈಲಿಲ್ಲ ಟೀಚರಮ್ಮ, ಅದಕ್ಕೇ ಬಂತು” ಎಂದು ಬೀದಿಗೆಲ್ಲ ಹೇಳಿಕೊಂಡು ಬಂದರು. ನನ್ನ ತಾಳ್ಮೆಯ ಬಗ್ಗೆ ನನಗೇ ಭಕ್ತಿ ಹುಟ್ಟಿತು.

ಇದನ್ನೆಲ್ಲ ನೋಡುತ್ತಿದ್ದ ನಮ್ಮವರು ಒಂದು ದಿನ ಪೇಪರಿನ ಹಿಂದಿನಿಂದ, “ನಾನೂ ಕಲೀಬೋದಲ್ವಾ?” ಎಂದರು. ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಅವರಿಗೂ ಎಲ್‌ಎಲ್‌ಆರ್ ಮಾಡಿಸಿ, ಮುಂದಿನ ಭಾನುವಾರವೇ ಅದೇ ಮೈದಾನಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಏನಾಯಿತು ಎಂಬುದರ ಬಗ್ಗೆ ನಮ್ಮಿಬ್ಬರಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ. ನಾನು ಮೆತ್ತಗೆ ಒಂದೆರಡು ಸೂಚನೆ ಕೊಟ್ಟೆ ಎಂದು ನನ್ನ ನೆನಪು. ಅವರು ಮಾತ್ರ ಮನೆಗೆ ಬಂದು, ಕಾಫಿ ಕುಡಿದ ಮೇಲೆ, “ನೀನು ಪಾಠ ಮಾಡಲ್ಲ ಸುಮಾ. ಪೇಪರ್ ತಿದ್ತೀಯ” ಎಂದರು.

ಅದರ ಮುಂದಿನ ಭಾನುವಾರ ಬೆಳಿಗ್ಗೆ ಗೇಟಿನ ಹತ್ತಿರ ಹಾರನ್ ಕೇಳಿಸಿತು. ಹೊರಗೆ ಬಂದು ನೋಡಿದರೆ ಜಯಮ್ಮನವರ ದೊಡ್ಡ ಗಾಡಿ. ಅದಕ್ಕೆ ಮತ್ತೆ ಕೆಂಪು ‘ಎಲ್’ ಹತ್ತಿದೆ. ಡ್ರೈವರ್ ಸೀಟಿನಲ್ಲಿ ನಮ್ಮವರು, ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು. ಪಕ್ಕದಲ್ಲಿ ಜಯಮ್ಮ. “ನಿಧಾನ ಸಾರ್, ಏನೂ ಆಗಲ್ಲ. ಅದಕ್ಕೆ ಎಲ್ಲಾ ಗೊತ್ತು, ನೀವು ಸುಮ್ನೆ ಹಿಡ್ಕೊಳ್ಳಿ ಸಾಕು” ಎನ್ನುತ್ತಿದ್ದರು. ಗೇಟಿನಾಚೆ ಮುನಿರಾಜಪ್ಪ ಪಂಚೆ ಎತ್ತಿ ಕಟ್ಟಿಕೊಂಡು ನಿಂತಿದ್ದರು. ಅವರನ್ನು ಹತ್ತಿಸಿಕೊಂಡಿರಲಿಲ್ಲ. “ಬನ್ನಿ ಟೀಚರಮ್ಮ” ಎಂದು ಮುನಿರಾಜಪ್ಪ ತಮ್ಮ ಪಕ್ಕದಲ್ಲಿ ನನಗೂ ನಿಲ್ಲಲು ಜಾಗ ಮಾಡಿಕೊಟ್ಟರು. “ನಮ್ಮಿಬ್ರನ್ನೂ ಹೊರಗಡೆ ಹಾಕವ್ರೆ. ನಾವಿಬ್ರೂ ಈಗ ಒಂದೇ ಪಾರ್ಟಿ.”

ಎಂಥ ಮಾತು! ಬೆಳಗಾದರೆ ಕಿರುಚುವ ಈ ಮನುಷ್ಯನಿಗೂ ನನಗೂ ಎಲ್ಲಿಂದೆಲ್ಲಿಗೆ ಹೋಲಿಕೆ? ಹಾಗೆಂದು ಅವರಿಗೆ ಸಮಾಧಾನವಾಗಿ ವಿವರಿಸಿ ಹೇಳೋಣವೆಂದು ತಿರುಗಿದೆ. ಅಷ್ಟರಲ್ಲಿ ಗಾಡಿ ಒಮ್ಮೆ ಮುಗ್ಗರಿಸಿತು. “ಕ್ಲಚ್ಚು ರೀ, ಕ್ಲಚ್ಚು! ಎಷ್ಟ್ ಸಲ ಹೇಳೋದು, ಕ್ಲಚ್ ಬಿಡಬೇಡಿ!” ಎಂದು ಯಾರೋ ಹೆಂಗಸು ಬೀದಿಗೆಲ್ಲ ಕೇಳುವಂತೆ ಅರಚಿದಳು. ಎದುರು ಮನೆಯವರು ಬಾಗಿಲು ತೆರೆದು ನನ್ನನ್ನೇ ನೋಡಿದರು. ನಮ್ಮವರು ಮಾತ್ರ ನೋಡಲಿಲ್ಲ. ಒಂದು ಕೈಯಿಂದ ಸ್ಟೀರಿಂಗ್ ಹಿಡಿದು, ಇನ್ನೊಂದು ಕೈಯಿಂದ ಕಿಟಕಿಯ ಗಾಜನ್ನು ನಿಧಾನವಾಗಿ, ಕೊನೆಯವರೆಗೆ ಏರಿಸಿಕೊಂಡರು.